ರೈಸ್ ಕುಕ್ಕರ್ ‘ಟಕ್’ ಎಂದ ಮೇಲೆ ನಮ್ಮ ಕೆಲಸ ಶುರು



ಕಳೆದ ಬಾರಿ ಮನೆಯಲ್ಲೇ ಬಿ.ಪಿ. ನೋಡಿಕೊಳ್ಳುವ ಬಗ್ಗೆ ಬರೆದಿದ್ದೆ. ಈ ಬಾರಿ ಎಲೆಕ್ಟ್ರಿಕ್ ರೈಸ್ ಕುಕ್ಕರ್ ಬಗ್ಗೆ ಬರೆಯುತ್ತೇನೆ ಎಂದರೆ ಕೆಲವರಿಗೆ ನಗು ಬರಬಹುದು. ಹೃದಯದ ಡಾಕ್ಟರಿಗೂ ಅನ್ನದ ಕುಕ್ಕರಿಗೂ ಏನು ಸಂಬಂಧ? ಎರಡು ಘಟನೆ ಹೇಳುತ್ತೇನೆ, ಆಮೇಲೆ ನೀವೇ ನೋಡಿ.

ಮೊದಲನೆಯದು. ಹಾಸನದ ಕಡೆಯಿಂದ ಪುಣೆಗೆ ಮಗನ ಮನೆಗೆ ಬಂದಿದ್ದ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ಎಮರ್ಜೆನ್ಸಿಗೆ ಕರೆತಂದರು. ಬೆಳಿಗ್ಗೆ ಮನೆಮಂದಿಯೆಲ್ಲ ಚಿತ್ರಾನ್ನ ತಿಂದಿದ್ದಾರೆ. ಮೂರು ಗಂಟೆಯೊಳಗೆ ಅಜ್ಜಿ, ಮಗ, ಮೊಮ್ಮಗ ಮೂವರಿಗೂ ವಾಂತಿ. ಮಗ, ಮೊಮ್ಮಗ ಸಂಜೆಗೆ ಚೇತರಿಸಿಕೊಂಡರು. ಅಜ್ಜಿಗೆ ಮೊದಲೇ ಹೃದಯದ ಬಲ ಕಡಿಮೆ, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಅವರ ಮೈಯಲ್ಲಿ ನೀರು ಇಳಿದಿತ್ತು, ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿತ್ತು, ನಾಡಿ ತಾಳ ತಪ್ಪಿತ್ತು. ಮೂರು ದಿನ ಐಸಿಯುನಲ್ಲಿ ಇದ್ದು ಹುಷಾರಾದರು. ಹೋಗುವಾಗ ಅಜ್ಜಿ ಹೇಳಿದ ಮಾತು ನನಗೆ ಇನ್ನೂ ನೆನಪಿದೆ: “ಡಾಕ್ಟ್ರೇ, ಅನ್ನ ಹಳಸಿರ್ಲಿಲ್ಲ. ವಾಸನೆ ನೋಡೇ ಒಗ್ಗರಣೆ ಹಾಕಿದ್ದು.”

ಅವರು ಹೇಳಿದ್ದು ಸುಳ್ಳಲ್ಲ. ಹಿಂದಿನ ರಾತ್ರಿ ಎಂಟಕ್ಕೆ ಆದ ಅನ್ನ. ಕರೆಂಟ್ ಉಳಿಸೋಣ ಎಂದು ಗೋಡೆಯ ಸ್ವಿಚ್ ಆರಿಸಿ, ಮುಚ್ಚಳ ಹಾಕಿ, ಬೆಳಗಿನವರೆಗೆ ಕುಕ್ಕರಿನಲ್ಲೇ ಬಿಟ್ಟಿದ್ದರು. ಅನ್ನವನ್ನು ಯಾರೂ ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಲಿಲ್ಲ. ಆದರೆ ಮೂವರಿಗೂ ಒಟ್ಟಿಗೆ ಬಂದ ವಾಂತಿ, ಅದು ಬಂದ ಹೊತ್ತು, ಅನ್ನ ಇಟ್ಟ ರೀತಿ ಎಲ್ಲ ಒಂದೇ ಕಡೆ ಬೆರಳು ತೋರಿಸುತ್ತಿದ್ದವು.

ಎರಡನೆಯದು ನಮ್ಮ ಮನೆಯದೇ. ಪುಣೆಗೆ ಬಂದ ಹೊಸತರಲ್ಲಿ ಹಳೆಯ ಕಟ್ಟಡವೊಂದರಲ್ಲಿ ಬಾಡಿಗೆಗೆ ಇದ್ದೆವು. ಅಮ್ಮ ಊರಿನಿಂದ ಬಂದಿದ್ದರು. ಒಂದು ವಾರ ಆದ ಮೇಲೆ ಮಾತಿನ ನಡುವೆ ಅಂದರು, “ನಿನ್ನ ಕುಕ್ಕರ್ ಮುಟ್ಟಿದ್ರೆ ಸ್ವಲ್ಪ ಜುಮ್ ಅನ್ನುತ್ತೆ. ಒದ್ದೆ ಕೈಯಲ್ಲಿ ಮುಟ್ಟಿದಾಗ ಮಾತ್ರ, ಏನಾಗಲ್ಲ ಬಿಡು.” ಎಲೆಕ್ಟ್ರಿಷಿಯನ್ ಬಂದು ಪ್ಲಗ್ ಪಾಯಿಂಟ್ ಬಿಚ್ಚಿದ. ಮೂರು ತೂತಿನ ಸಾಕೆಟ್ ಇತ್ತು. ಮೇಲಿನ ದೊಡ್ಡ ತೂತಿಗೆ ಒಳಗೆ ತಂತಿಯೇ ಇರಲಿಲ್ಲ. ದಿನವೂ ಆಸ್ಪತ್ರೆಯಲ್ಲಿ ಹೃದಯದ ಕರೆಂಟ್ ನೋಡುವ ನಾನು ನಮ್ಮ ಅಡುಗೆಮನೆಯ ಕರೆಂಟ್ ಒಮ್ಮೆಯೂ ನೋಡಿರಲಿಲ್ಲ.

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಮೊದಲು ಬರುವ ಸಾಮಾನುಗಳಲ್ಲಿ ರೈಸ್ ಕುಕ್ಕರ್ ಒಂದು. ಗ್ಯಾಸ್ ಕನೆಕ್ಷನ್ ಸಿಗುವವರೆಗೆ ಅದೇ ಅಡುಗೆಮನೆ. ಪಿ.ಜಿ.ಯಲ್ಲಿರುವ ಮಕ್ಕಳಿಗಂತೂ ಅನ್ನ, ಬೇಳೆ, ಮ್ಯಾಗಿ ಎಲ್ಲ ಅದರಲ್ಲೇ. ಯಂತ್ರ ಒಳ್ಳೆಯದೇ, ಬಳಸಬೇಡಿ ಎಂದು ನಾನು ಹೇಳುವುದಿಲ್ಲ. ಅನ್ನ ಬೇಯುವವರೆಗಿನ ಕೆಲಸವನ್ನು ಅದು ತಾನೇ ನೋಡಿಕೊಳ್ಳುತ್ತದೆ. ‘ಟಕ್’ ಎಂದು ಸ್ವಿಚ್ ಬಿದ್ದ ಮೇಲೆ ಅನ್ನದ ಬಿಸಿ, ಪಾತ್ರೆಯ ಒದ್ದೆ, ಪ್ಲಗ್ಗಿನ ಕರೆಂಟ್, ಈ ಮೂರನ್ನು ನೋಡಿಕೊಳ್ಳುವ ಕೆಲಸ ನಮ್ಮದು. ಇವತ್ತಿನ ಲೇಖನ ಇಷ್ಟರ ಬಗ್ಗೆಯೇ.

*ಕುಕ್ಕರ್ ಒಳಗೆ ನಡೆಯುವುದೇನು?*

ತಾನಾಗಿಯೇ ಆರುವ ಎಲೆಕ್ಟ್ರಿಕ್ ರೈಸ್ ಕುಕ್ಕರನ್ನು ಜಪಾನಿನ ತೋಷಿಬಾ ಕಂಪನಿ 1955ರಲ್ಲಿ ಮಾರುಕಟ್ಟೆಗೆ ತಂದಿತು. ಇಂದು ನಮ್ಮ ಮನೆಗಳಲ್ಲಿರುವ ಒಂದೇ ಸ್ವಿಚ್ಚಿನ ಸಾದಾ ಕುಕ್ಕರಿನಲ್ಲಿ ಗಡಿಯಾರವೂ ಇಲ್ಲ, ಕಂಪ್ಯೂಟರೂ ಇಲ್ಲ. ಒಳಪಾತ್ರೆ ತೆಗೆದರೆ ಕೆಳಗೆ ದುಂಡನೆಯ ಹಾಟ್ ಪ್ಲೇಟ್, ಅದರ ನಡುವೆ ಒತ್ತಿದರೆ ಕೆಳಗಿಳಿಯುವ ಒಂದು ಬಟನ್ ಕಾಣುತ್ತದೆ. ಆ ಬಟನ್ನಿನೊಳಗೆ ಅಯಸ್ಕಾಂತ ಇದೆ.

ಪಾತ್ರೆಯಲ್ಲಿ ನೀರು ಇರುವವರೆಗೆ ತಳದ ಬಿಸಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಅಕ್ಕಿ ನೀರನ್ನೆಲ್ಲ ಹೀರಿದ ಮೇಲೆ ತಳದ ಬಿಸಿ ಏರತೊಡಗುತ್ತದೆ. 100 ಡಿಗ್ರಿಗಿಂತ ಸ್ವಲ್ಪ ಮೇಲೆ ಹೋಗುತ್ತಿದ್ದಂತೆ ಬಟನ್ನಿನೊಳಗಿನ ಲೋಹ ಅಯಸ್ಕಾಂತದ ಹಿಡಿತ ಕಳೆದುಕೊಳ್ಳುತ್ತದೆ, ಸ್ಪ್ರಿಂಗ್ ಎಳೆಯುತ್ತದೆ, ಸ್ವಿಚ್ ‘ಟಕ್’ ಎಂದು ಮೇಲೇಳುತ್ತದೆ. ಕೆಂಪು ದೀಪ ಹೋಗಿ ‘ವಾರ್ಮ್’ ದೀಪ ಬರುತ್ತದೆ.

ಇದು ಅರ್ಥವಾದರೆ ಅರ್ಧ ಎಚ್ಚರಿಕೆ ತಾನಾಗಿ ಬರುತ್ತದೆ.

1. ಒಳಪಾತ್ರೆಯ ತಳ ಆ ಬಟನ್ನಿಗೆ ಸರಿಯಾಗಿ ತಾಗಲೇಬೇಕು. ನಡುವೆ ಒಂದು ಅಗುಳು ಸಿಕ್ಕಿಕೊಂಡರೂ ಬಿಸಿಯ ಲೆಕ್ಕ ತಪ್ಪುತ್ತದೆ. ಅನ್ನ ಸೀಯುವುದು, ಇಲ್ಲವೇ ಅರ್ಧ ಬೆಂದಾಗಲೇ ಸ್ವಿಚ್ ಬೀಳುವುದು, ಹೆಚ್ಚಾಗಿ ಇದರಿಂದಲೇ. ಪಾತ್ರೆ ಇಟ್ಟ ಮೇಲೆ ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿ ಕೂರಿಸಿ.

2. ತಳ ನಗ್ಗಿದ ಪಾತ್ರೆ ಬೇಡ. ಆ ಪಾತ್ರೆಯನ್ನು ಗ್ಯಾಸ್ ಒಲೆಯ ಮೇಲೆ ಇಡಬೇಡಿ. ಬೇರೆ ಪಾತ್ರೆಯನ್ನು ಕುಕ್ಕರಿನೊಳಗೆ ಇಡಬೇಡಿ.

3. ಸ್ವಿಚ್ ಬೇಗ ಬೀಳುತ್ತದೆ ಎಂದು ಅದಕ್ಕೆ ಚಮಚ, ಬೆಂಕಿಕಡ್ಡಿ ಸಿಕ್ಕಿಸುವವರು, ಟೇಪ್ ಅಂಟಿಸುವವರು ಇದ್ದಾರೆ. ಪಿ.ಜಿ. ಹುಡುಗರಲ್ಲಿ ಇದನ್ನು ನಾನೇ ನೋಡಿದ್ದೇನೆ. ತಾನಾಗಿ ಆರುವ ವ್ಯವಸ್ಥೆಯನ್ನು ನಾವೇ ಕಟ್ಟಿಹಾಕಿದಂತೆ ಅದು. ನೀರು ಆರಿದ ಪಾತ್ರೆ ಕಾಯುತ್ತಲೇ ಇರುತ್ತದೆ, ಬೆಂಕಿ ಹತ್ತಬಹುದು.

4. ನೀರಿನ ಅಳತೆ ಅಕ್ಕಿಯ ಮೇಲೆ. ಸೋನಾ ಮಸೂರಿ, ಕೋಲಂ ಅಕ್ಕಿಗೆ ಒಂದು ಲೋಟಕ್ಕೆ ಎರಡರಿಂದ ಎರಡೂವರೆ ಲೋಟ ನೀರು. ನೆನೆಸಿದ ಬಾಸ್ಮತಿಗೆ ಒಂದೂವರೆ ಸಾಕು. ಕರಾವಳಿಯವರ ಕುಚ್ಚಲಕ್ಕಿಗೆ ನೀರೂ ಹೆಚ್ಚು ಬೇಕು, ಉಕ್ಕುವುದೂ ಹೆಚ್ಚು. ಅದನ್ನು ಮಾಡುವಾಗ ಪಾತ್ರೆಯ ಅರ್ಧಕ್ಕಿಂತ ಮೇಲೆ ತುಂಬಿಸಬೇಡಿ. ಉಕ್ಕಿದ ಗಂಜಿ ಕೆಳಗಿಳಿದು ಸೇರುವುದು ಕರೆಂಟ್ ಇರುವ ಜಾಗಕ್ಕೆ.

*ಆದ ಅನ್ನ ಎಷ್ಟು ಹೊತ್ತು ಇರಬಹುದು?*

ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಹಸಿ ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುವುದು ಸಾಮಾನ್ಯ. ಇದು ಮಣ್ಣಿನಲ್ಲಿ ಬದುಕುವ ಜೀವಿ, ಬೆಳೆಯೊಂದಿಗೆ ಮನೆಗೆ ಬರುತ್ತದೆ. ಅಕ್ಕಿ ಎಷ್ಟು ತೊಳೆದರೂ, ಎಷ್ಟು ಕುದಿಸಿದರೂ ಕೆಲವು ಬೀಜಕಣಗಳು ಗಟ್ಟಿ ಚಿಪ್ಪಿನೊಳಗೆ ಬದುಕಿ ಉಳಿಯುತ್ತವೆ. ಬಿಸಿ ಅನ್ನದಲ್ಲಿ ಅವು ಸುಮ್ಮನೆ ಇರುತ್ತವೆ. ಅನ್ನ ಉಗುರುಬೆಚ್ಚಗಾದಾಗ ಮೊಳೆತು, ಬೆಳೆದು, ವಾಂತಿ ತರಿಸುವ ವಿಷವನ್ನು ಅನ್ನದೊಳಗೆ ಬಿಡುತ್ತವೆ.

ಇಲ್ಲಿ ಮೂರು ಮಾತು ಗಮನಿಸಿ.

ಒಂದು, ಆ ವಿಷಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಅನ್ನ ಅಂಟಾಗಿ, ಹುಳಿಯಾಗಿ ಹಳಸುವ ಮೊದಲೇ ಅದು ಇರಬಹುದು. ಮೂಗಿಗೆ ಗೊತ್ತಾಗುವುದಿಲ್ಲ.

ಎರಡು, ಆ ವಿಷ ಬಿಸಿಗೆ ಜಗ್ಗುವುದಿಲ್ಲ. ಒಗ್ಗರಣೆ ಹಾಕಿ ಹುರಿದರೂ, ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೂ ಬ್ಯಾಕ್ಟೀರಿಯಾ ಸಾಯಬಹುದು, ಈಗಾಗಲೇ ಬಿಟ್ಟ ವಿಷ ಉಳಿಯುತ್ತದೆ. ‘ಚೆನ್ನಾಗಿ ಬಿಸಿ ಮಾಡಿದೆವಲ್ಲ’ ಎಂಬ ಧೈರ್ಯಕ್ಕೆ ಇಲ್ಲಿ ಬೆಲೆ ಇಲ್ಲ.

ಮೂರು, ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಇದೇ ಜೀವಿಯ ಇನ್ನೊಂದು ಬಗೆಯ ತೊಂದರೆಯಲ್ಲಿ ಸ್ವಲ್ಪ ತಡವಾಗಿ ಭೇದಿ ಬರುತ್ತದೆ. ಗಟ್ಟಿಮುಟ್ಟಾದವರು ಸಾಮಾನ್ಯವಾಗಿ ಒಂದು ದಿನದಲ್ಲಿ ಸುಧಾರಿಸುತ್ತಾರೆ. ವಯಸ್ಸಾದವರು, ಚಿಕ್ಕ ಮಕ್ಕಳು, ಗರ್ಭಿಣಿಯರು, ಹೃದಯದ, ಕಿಡ್ನಿಯ, ಸಕ್ಕರೆಯ ಕಾಯಿಲೆ ಇರುವವರು ಅಷ್ಟು ಸುಲಭವಾಗಿ ಪಾರಾಗುವುದಿಲ್ಲ.

ಬ್ಯಾಕ್ಟೀರಿಯಾಗಳಿಗೆ ಇಷ್ಟವಾದ ಬಿಸಿ 5ರಿಂದ 60 ಡಿಗ್ರಿಯ ನಡುವೆ. ಅನ್ನ ಒಂದೋ 60 ಡಿಗ್ರಿಗಿಂತ ಮೇಲೆ ಇರಬೇಕು, ಇಲ್ಲವೇ ಫ್ರಿಜ್ಜಿನಲ್ಲಿ 5 ಡಿಗ್ರಿಗಿಂತ ಕೆಳಗೆ ಇರಬೇಕು. ನಡುವಿನ ಜಾಗದಲ್ಲಿ ಒಂದೆರಡು ಗಂಟೆಗಿಂತ ಹೆಚ್ಚು ಇರಬಾರದು. ಸ್ವಿಚ್ ಆರಿಸಿ ಮುಚ್ಚಳ ಹಾಕಿದ ಕುಕ್ಕರ್, ಅನ್ನವನ್ನು ನಡುವಿನ ಜಾಗದಲ್ಲೇ ಗಂಟೆಗಟ್ಟಲೆ ಬೆಚ್ಚಗೆ ಕೂರಿಸುತ್ತದೆ. ದೋಸೆ ಹಿಟ್ಟು ಹುಳಿ ಬರಲು ನಾವು ಬೆಚ್ಚಗಿನ ಮೂಲೆ ಹುಡುಕುತ್ತೇವಲ್ಲ, ಅಂಥದ್ದೇ ಮೂಲೆಯನ್ನು ಅನ್ನಕ್ಕೂ ಮಾಡಿಕೊಟ್ಟಂತೆ.

‘ವಾರ್ಮ್’ ಇರುವಾಗ ಪರವಾಗಿಲ್ಲವೇ ಎಂದು ಕೇಳುತ್ತೀರಿ. ಸರಿಯಾಗಿ ಕೆಲಸ ಮಾಡುವ ಕುಕ್ಕರಿನಲ್ಲಿ ಅನ್ನ 60 ಡಿಗ್ರಿಗಿಂತ ಮೇಲೆಯೇ ಇರುತ್ತದೆ. ಆದರೆ ಗೋಡೆಯ ಸ್ವಿಚ್ ಆರಿಸಿದರೆ ವಾರ್ಮ್ ಕೂಡ ಹೋಗುತ್ತದೆ. ಕರೆಂಟ್ ಹೋದರೂ ಅಷ್ಟೇ. ಹಳೆಯ ಕುಕ್ಕರಿನಲ್ಲಿ ದೀಪ ಮಾತ್ರ ಉರಿಯುತ್ತಿರುತ್ತದೆ, ಅನ್ನ ಉಗುರುಬೆಚ್ಚಗಾಗಿರುತ್ತದೆ. ಪರೀಕ್ಷೆ ಸುಲಭ. ಎರಡು ಗಂಟೆ ವಾರ್ಮ್‌ನಲ್ಲಿಟ್ಟ ಅನ್ನದ ನಡುವಿನಿಂದ ಒಂದು ಚಮಚ ತೆಗೆಯಿರಿ. ಹಬೆ ಬರಬೇಕು, ಅಂಗೈಯಲ್ಲಿ ಹಿಡಿದುಕೊಳ್ಳಲು ಆಗದಷ್ಟು ಸುಡಬೇಕು. ಹಾಯಾಗಿ ಹಿಡಿದುಕೊಳ್ಳಬಹುದಾದರೆ ಆ ವಾರ್ಮ್ ನಂಬಬೇಡಿ.

*ಉಳಿದ ಅನ್ನಕ್ಕೆ ನಮ್ಮ ಮನೆಯ ನಿಯಮ*

1. ಬೇಕಾದಷ್ಟೇ ಅಕ್ಕಿ ಹಾಕುವುದು. ಕುಕ್ಕರ್ ದೊಡ್ಡದಿದೆ ಎಂದು ಅನ್ನ ಹೆಚ್ಚು ಮಾಡಬೇಕಿಲ್ಲ.

2. ವಾರ್ಮ್‌ನಲ್ಲಿ ಇಡುವುದಿದ್ದರೆ ನಾಲ್ಕು ಗಂಟೆಗೆ ಮುಗಿಸುವುದು. ರಾತ್ರಿಯಿಡೀ ಬೇಡ.

3. ಉಳಿಯುತ್ತದೆ ಎಂದು ಗೊತ್ತಾದ ಕೂಡಲೇ ಅಗಲ ತಟ್ಟೆಗೆ ಹಾಕಿ ಹರಡುವುದು. ಆರಿದ ಮೇಲೆ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿಗೆ. ಇದೆಲ್ಲ ಒಂದು ಗಂಟೆಯೊಳಗೆ, ತಪ್ಪಿದರೆ ಎರಡು. ಆಳದ ಪಾತ್ರೆಯಲ್ಲಿ ಹಾಗೇ ಇಟ್ಟರೆ ಮೇಲೆ ತಣ್ಣಗಾದರೂ ನಡುವೆ ಬೆಚ್ಚಗೇ ಇರುತ್ತದೆ.

4. ಮರುದಿನ ಒಮ್ಮೆ ಮಾತ್ರ ಹಬೆಯಾಡುವಂತೆ ಬಿಸಿ ಮಾಡಿ ತಿಂದು ಮುಗಿಸುವುದು. ತಣ್ಣಗಿನ ಅನ್ನವನ್ನು ಕುಕ್ಕರಿನ ವಾರ್ಮ್‌ನಲ್ಲಿಟ್ಟು ಬಿಸಿ ಮಾಡಬಾರದು. ಅದು ನಿಧಾನವಾಗಿ ಬಿಸಿಯಾಗುವಷ್ಟರಲ್ಲಿ ಬ್ಯಾಕ್ಟೀರಿಯಾಗಳಿಗೆ ಬೇಕಾದಷ್ಟು ಹೊತ್ತು ಸಿಗುತ್ತದೆ.

5. ಚಿತ್ರಾನ್ನ, ಪುಳಿಯೋಗರೆ ಬೇಕೆಂದರೆ ಫ್ರಿಜ್ಜಿನಲ್ಲಿಟ್ಟ ಅನ್ನದಿಂದ ಮಾಡಬಹುದು. ಆರಿದ ಅನ್ನ ಉದುರುದುರಾಗಿಯೂ ಇರುತ್ತದೆ.

6. ಕುಕ್ಕರ್ ಆನ್ ಮಾಡಿದ ಮೇಲೆ ಕರೆಂಟ್ ಹೋಗಿ, ಎರಡು ಗಂಟೆಯಾದರೂ ಬರದಿದ್ದರೆ ಆ ಅರೆಬೆಂದ ಅನ್ನ ಬೇಡ. ಕೂಡಲೇ ಗ್ಯಾಸ್ ಇದ್ದರೆ ಬೇರೆ ಪಾತ್ರೆಗೆ ಹಾಕಿ ಬೇಯಿಸಿ.

“ನಾವು ಚಿಕ್ಕವರಿದ್ದಾಗ ತಂಗಳನ್ನ ತಿಂದೇ ಬೆಳೆದವರಲ್ಲವೇ?” ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆ ತಂಗಳನ್ನ ನೀರು ಮಜ್ಜಿಗೆ ಬೆರೆತು ಹುಳಿ ಬಂದ ಅನ್ನ. ಆ ಹುಳಿ ಇಂಥ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ಸ್ವಲ್ಪ ತಡೆಯುತ್ತದೆ. ಮುಚ್ಚಿದ ಕುಕ್ಕರಿನಲ್ಲಿ ಬೆಚ್ಚಗೆ ಬೆವರುತ್ತ ಕೂತ ಅನ್ನಕ್ಕೆ ಆ ರಕ್ಷಣೆ ಇಲ್ಲ. ಜೊತೆಗೆ ಅಂದು ತಿಂದವರಿಗೆ ಇಪ್ಪತ್ತು ವರ್ಷ, ಇಂದು ಅವರಿಗೇ ಎಪ್ಪತ್ತು, ಡಬ್ಬಿ ತುಂಬ ಮಾತ್ರೆ.

ಆ ಮಾತ್ರೆಗಳ ಬಗ್ಗೆ ಒಂದು ಮಾತು. ಬಿ.ಪಿ.ಗೆ, ಹೃದಯಕ್ಕೆ ಮಾತ್ರೆ ತೆಗೆದುಕೊಳ್ಳುವವರಿಗೆ, ಮುಖ್ಯವಾಗಿ ಮೂತ್ರ ಹೆಚ್ಚಿಸುವ ಮಾತ್ರೆ ಇರುವವರಿಗೆ, ನಾಲ್ಕೈದು ಸಲ ವಾಂತಿಯೋ ಭೇದಿಯೋ ಆದರೆ ಮನೆಯಲ್ಲೇ ಕಾಯಬೇಡಿ. ಅಂದೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಯಾವ ಮಾತ್ರೆ ಅಂದು ಬಿಡಬೇಕು, ಓ.ಆರ್.ಎಸ್. ಎಷ್ಟು ಕುಡಿಯಬೇಕು ಎಂಬುದನ್ನು ಅವರೇ ಹೇಳಲಿ. ತಲೆ ತಿರುಗುವುದು, ಎದೆ ಡವಗುಟ್ಟುವುದು, ಮೂತ್ರ ಕಡಿಮೆಯಾಗುವುದು, ಮಂಪರು, ಇದರಲ್ಲಿ ಒಂದಿದ್ದರೂ ನೇರ ಆಸ್ಪತ್ರೆಗೆ.

*‘ಸ್ವಲ್ಪ ಜುಮ್ ಅನ್ನುತ್ತೆ’ ಎಂದರೆ ಏನು?*

ಈಗ ನಮ್ಮಮ್ಮನ ಮಾತಿಗೆ ಬರೋಣ. ಹೃದಯ ಬಡಿಯುವುದು ತನ್ನದೇ ಪುಟ್ಟ ಕರೆಂಟಿನಿಂದ. ಹೃದಯದ ಮೇಲ್ಭಾಗದಲ್ಲಿರುವ ಒಂದು ಸಣ್ಣ ಗಂಟಿನಿಂದ ನಿಮಿಷಕ್ಕೆ 60ರಿಂದ 100 ಸಲ ಸಂಕೇತ ಹೊರಟು, ಸ್ನಾಯುಗಳೆಲ್ಲ ಒಟ್ಟಾಗಿ ಹಿಂಡುತ್ತವೆ. ನಮ್ಮ ಮನೆಯ ಕರೆಂಟ್ 230 ವೋಲ್ಟ್, ದಿಕ್ಕು ಬದಲಿಸುತ್ತ ಸೆಕೆಂಡಿಗೆ 50 ಸುತ್ತು ಸುತ್ತುವಂಥದ್ದು. ಅದು ಎದೆಯ ಮೂಲಕ ಹಾದರೆ ಹೃದಯದ ತಾಳ ಕೆಡಬಹುದು. ಸ್ನಾಯುಗಳು ಒಟ್ಟಾಗಿ ಹಿಂಡುವ ಬದಲು ಒಂದೊಂದು ಕಡೆ ಅದುರತೊಡಗುತ್ತವೆ. ರಕ್ತ ಮುಂದೆ ಹೋಗುವುದಿಲ್ಲ. ಕೆಲವೇ ಸೆಕೆಂಡಿನಲ್ಲಿ ಮನುಷ್ಯ ಕುಸಿಯುತ್ತಾನೆ.

ಎಷ್ಟು ಕರೆಂಟ್ ಬೇಕು? ಸುಮಾರು 1 ಮಿಲಿಆಂಪಿಯರ್ ಹಾದರೆ ‘ಜುಮ್’ ಎನ್ನುತ್ತದೆ. 10ರಿಂದ 20ಕ್ಕೆ ಕೈಯ ಸ್ನಾಯು ಬಿಗಿದು, ಹಿಡಿದದ್ದನ್ನು ಬಿಡಲು ಆಗದೇ ಹೋಗಬಹುದು. 50 ದಾಟಿ 100ರ ಹತ್ತಿರ ಬಂದರೆ ಹೃದಯಕ್ಕೆ ಅಪಾಯ. ಒಣ ಚರ್ಮ ಕರೆಂಟನ್ನು ಸಾಕಷ್ಟು ತಡೆಯುತ್ತದೆ, ಒದ್ದೆ ಚರ್ಮ ತಡೆಯುವುದಿಲ್ಲ. ಒದ್ದೆ ಕೈ, ಒದ್ದೆ ನೆಲ, ಬರಿಗಾಲು ಇದ್ದಾಗ ನೂರಕ್ಕಿಂತ ಹೆಚ್ಚು ಮಿಲಿಆಂಪಿಯರ್ ಹಾದುಹೋಗಲು ಸಾಧ್ಯ. ಇವತ್ತು ಜುಮ್ ಅನ್ನಿಸಿದ ಕುಕ್ಕರ್, ನಾಳೆ ಸಿಂಕಿನ ನಲ್ಲಿಯನ್ನು ಇನ್ನೊಂದು ಕೈಯಲ್ಲಿ ಹಿಡಿದಿರುವಾಗ ಏನು ಮಾಡುತ್ತದೋ ಹೇಳಲಾಗದು. ಆಗ ಕರೆಂಟ್ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವ ದಾರಿ ನೇರ ಎದೆಯ ಮೂಲಕ.

ಜುಮ್ ಎಂದರೆ ಕುಕ್ಕರಿನೊಳಗೆ ಎಲ್ಲೋ ಕರೆಂಟ್ ಲೀಕ್ ಆಗುತ್ತಿದೆ ಎಂದರ್ಥ, ಮೇಲಾಗಿ ಅರ್ಥಿಂಗ್ ಇಲ್ಲ ಎಂದರ್ಥ. ಅಂಥ ಕುಕ್ಕರನ್ನು ಅಂದೇ ನಿಲ್ಲಿಸಿ. ರಬ್ಬರ್ ಚಪ್ಪಲಿ ಹಾಕಿಕೊಂಡು ಮುಟ್ಟುವುದು ಪರಿಹಾರವಲ್ಲ.

*ಪ್ಲಗ್, ಸಾಕೆಟ್, ಅರ್ಥಿಂಗ್*

ಮೂರು ಪಿನ್ನಿನಲ್ಲಿ ದಪ್ಪಗೆ, ಉದ್ದಗೆ ಇರುವುದು ಅರ್ಥ್ ಪಿನ್. ಅದು ಕುಕ್ಕರಿನ ಲೋಹದ ಮೈಗೆ ಜೋಡಿಸಿರುತ್ತದೆ. ಒಳಗೆ ತಂತಿ ಸಡಿಲವಾಗಿ ಮೈಗೆ ತಾಗಿದರೆ, ಕರೆಂಟ್ ಆ ಪಿನ್ನಿನ ಮೂಲಕ ಭೂಮಿಗೆ ಹರಿದು ಫ್ಯೂಸ್ ಹೋಗುತ್ತದೆ ಅಥವಾ ಎಂಸಿಬಿ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಕುಕ್ಕರಿನ ಮೈಯಲ್ಲೇ ಕರೆಂಟ್ ನಿಂತಿರುತ್ತದೆ, ಯಾರಾದರೂ ಮುಟ್ಟುವವರೆಗೆ.

1. ಅರ್ಥ್ ಪಿನ್ ಕತ್ತರಿಸಬೇಡಿ. ಮೂರು ಪಿನ್ನನ್ನು ಎರಡು ತೂತಿಗೆ ಹೊಂದಿಸುವ ಅಗ್ಗದ ಅಡಾಪ್ಟರ್ ಬೇಡ.

2. ಹೊಸ ಬಾಡಿಗೆ ಮನೆಗೆ ಹೋದಾಗ ಹಾಲು ಉಕ್ಕಿಸುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ, ಅಡುಗೆಮನೆ ಮತ್ತು ಬಚ್ಚಲುಮನೆಯ ಸಾಕೆಟ್ಟುಗಳಿಗೆ ಅರ್ಥಿಂಗ್ ಇದೆಯೇ ಎಂದು ನೋಡಿಸಿ. ಇಲ್ಲದಿದ್ದರೆ ಮನೆ ಮಾಲೀಕರಿಗೆ ಹೇಳಿ ಹಾಕಿಸಿ. ಹಳೆಯ ಚಾಳ್, ಹಳೆಯ ಸೊಸೈಟಿಗಳಲ್ಲಿ ಇದು ಮುಖ್ಯ.

3. ಸಾಧ್ಯವಾದರೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಎಂಸಿಬಿ ತಂತಿಯನ್ನು ಕಾಪಾಡುತ್ತದೆ, ಆರ್‌ಸಿಸಿಬಿ ಮನುಷ್ಯನನ್ನು ಕಾಪಾಡುತ್ತದೆ. ಅದರ ಮೇಲಿನ ‘ಟೆಸ್ಟ್’ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ, ಬೀಳಬೇಕು.

4. 700 ವ್ಯಾಟಿನ ಕುಕ್ಕರ್ ಸುಮಾರು 3 ಆಂಪಿಯರ್ ಎಳೆಯುತ್ತದೆ, 1000 ವ್ಯಾಟಿನದು ನಾಲ್ಕಕ್ಕಿಂತ ಹೆಚ್ಚು. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಕುಕ್ಕರ್, ಕೆಟಲ್, ಇಂಡಕ್ಷನ್ ಒಲೆ ಎಲ್ಲ ಹಾಕಿದರೆ ಬೋರ್ಡ್ ಕರಗುತ್ತದೆ. ಕುಕ್ಕರಿಗೆ ಗೋಡೆಯ ಸಾಕೆಟ್ಟೇ ಇರಲಿ. ಅನ್ನ ಆದ ಮೇಲೆ ಪ್ಲಗ್ ಮುಟ್ಟಿದರೆ ಸುಡುವಷ್ಟು ಬಿಸಿ ಇದ್ದರೆ ಸಾಕೆಟ್ ಸಡಿಲವಾಗಿದೆ, ಬದಲಿಸಿ.

5. ಕಳಚುವ ವೈರ್ ಇದ್ದರೆ ಮೊದಲು ಕುಕ್ಕರಿಗೆ ಸಿಕ್ಕಿಸಿ, ಆಮೇಲೆ ಗೋಡೆಗೆ. ತೆಗೆಯುವಾಗ ಮೊದಲು ಗೋಡೆಯದು.

6. ಸಿಂಕಿನಿಂದ ದೂರ, ಗಟ್ಟಿ ಕಟ್ಟೆಯ ಮೇಲೆ ಇಡಿ. ವೈರ್ ಕೆಳಗೆ ಜೋತಾಡಬಾರದು, ಮಕ್ಕಳು ಎಳೆಯುತ್ತಾರೆ. ಮುಚ್ಚಳ ತೆಗೆಯುವಾಗ ಮುಖ ಹಿಂದಕ್ಕಿರಲಿ. ಹಬೆ ತಾಗಿ ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿ ನೀರು ಬಿಡಿ, ಟೂತ್‌ಪೇಸ್ಟ್ ಬೇಡ.

*ತೊಳೆಯುವ ಕ್ರಮ*

ಪ್ರತಿ ಸಲ:

1. ಪ್ಲಗ್ ತೆಗೆಯಿರಿ. ಸ್ವಿಚ್ ಆರಿಸಿದರೆ ಸಾಲದು. ಹಳೆಯ ವೈರಿಂಗಿನಲ್ಲಿ ಸ್ವಿಚ್ ಆರಿಸಿದರೂ ಒಂದು ತಂತಿಯಲ್ಲಿ ಕರೆಂಟ್ ಉಳಿದಿರಬಹುದು. ಅರ್ಧ ಗಂಟೆ ಆರಲು ಬಿಡಿ.

2. ಒಳಪಾತ್ರೆಯನ್ನು ಬೆಚ್ಚಗಿನ ನೀರಲ್ಲಿ ನೆನೆಸಿ, ಮೆತ್ತನೆಯ ಸ್ಪಂಜಿನಿಂದ ತೊಳೆಯಿರಿ. ನಾನ್‌ಸ್ಟಿಕ್ ಪಾತ್ರೆಗೆ ಸ್ಟೀಲ್ ನಾರು, ಸ್ಟೀಲ್ ಸೌಟು ಬೇಡ. ಅಕ್ಕಿಯನ್ನೂ ಅದರಲ್ಲೇ ಉಜ್ಜಿ ತೊಳೆಯಬೇಡಿ. ಲೇಪ ಎದ್ದು ಬರುತ್ತಿದ್ದರೆ ಪಾತ್ರೆ ಬದಲಿಸಿ.

3. ಪಾತ್ರೆಯ ಹೊರಮೈ, ಮುಖ್ಯವಾಗಿ ತಳ, ಒಣ ಬಟ್ಟೆಯಲ್ಲಿ ಒರೆಸಿಯೇ ಒಳಗಿಡಿ. ದಿನವೂ ತಳದಿಂದ ಇಳಿಯುವ ನಾಲ್ಕು ಹನಿ ನೀರು ವರ್ಷದಲ್ಲಿ ಒಳಗಿನ ತಂತಿಗಳಿಗೆ ತುಕ್ಕು ಹಿಡಿಸುತ್ತದೆ.

4. ಮುಚ್ಚಳ, ಹಬೆ ಹೋಗುವ ತೂತು, ಪಕ್ಕದ ನೀರಿನ ಡಬ್ಬಿ ಇದ್ದರೆ ಅದು, ರಬ್ಬರ್ ಇದ್ದರೆ ಅದು, ಎಲ್ಲ ತೊಳೆದು ಒಣಗಿಸಿ. ವಾಸನೆ ಬರುವುದು ಅಲ್ಲಿಂದಲೇ.

ವಾರಕ್ಕೊಮ್ಮೆ:

5. ಹಾಟ್ ಪ್ಲೇಟ್ ಮತ್ತು ನಡುವಿನ ಬಟನ್ ಸುತ್ತ ಅಂಟಿದ ಅಗುಳನ್ನು ಹಿಂಡಿದ ಒದ್ದೆ ಬಟ್ಟೆಯಿಂದ ತೆಗೆದು, ಕೂಡಲೇ ಒಣ ಬಟ್ಟೆಯಿಂದ ಒರೆಸಿ. ನೀರು ಸುರಿಯಬೇಡಿ, ಸ್ಪ್ರೇ ಹೊಡೆಯಬೇಡಿ. ಚಾಕುವಿನಿಂದ ಕೆರೆಯಬೇಡಿ.

6. ಕುಕ್ಕರಿನ ಹೊರಮೈಯನ್ನು ನಲ್ಲಿಯ ಕೆಳಗೆ ಹಿಡಿಯಲೇಬಾರದು. ಮನೆಕೆಲಸಕ್ಕೆ ಬರುವವರಿಗೆ ಇದನ್ನು ಕೈಯಾರೆ ತೋರಿಸಿ ಹೇಳಿ. ಪಾತ್ರೆಗಳ ಜೊತೆ ಸಿಂಕಿಗೆ ಹೋಗುವ ಕುಕ್ಕರುಗಳು ಕಡಿಮೆಯಿಲ್ಲ. ಶಾಕ್ ಹೊಡೆದರೆ ಮೊದಲು ಹೊಡೆಯುವುದು ಅವರಿಗೇ.

7. ಒಳಗೆ ನೀರು ಹೋಗಿದೆ ಎಂಬ ಅನುಮಾನ ಬಂದರೆ ‘ಬಿಸಿಲಿಗಿಟ್ಟರೆ ಸರಿಹೋಗುತ್ತೆ’ ಎನ್ನಬೇಡಿ. ಸರ್ವಿಸಿನವರು ನೋಡುವವರೆಗೆ ಪ್ಲಗ್ ಹಾಕಬೇಡಿ.

ಮಳೆಗಾಲದಲ್ಲಿ ಇನ್ನೊಂದು ಮಾತು. ಊರಿಗೆ ಹೋಗಿ ತಿಂಗಳುಗಟ್ಟಲೆ ಮನೆ ಮುಚ್ಚಿದ್ದರೆ, ಕುಕ್ಕರಿನ ಹೀಟರ್ ಗಾಳಿಯ ತೇವ ಹೀರಿಕೊಂಡು ಕರೆಂಟ್ ಲೀಕ್ ಮಾಡಬಹುದು. ಅಡಿಯ ಗಾಳಿತೂತುಗಳಲ್ಲಿ ಜಿರಳೆ ಸೇರಿಕೊಳ್ಳುವುದೂ ಉಂಟು. ಬಂದ ಮೇಲೆ ಆನ್ ಮಾಡಿದಾಗ ಆರ್‌ಸಿಸಿಬಿ ಬಿದ್ದರೆ ಅದನ್ನು ಬೈಯಬೇಡಿ, ಕುಕ್ಕರ್ ರಿಪೇರಿಗೆ ಕೊಡಿ.

*ಶಾಕ್ ಹೊಡೆದರೆ*

1. ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಆಗದಿದ್ದರೆ ಒಣ ನೆಲದಲ್ಲಿ ನಿಂತು ಮರದ ಕೋಲು ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ತಳ್ಳಿ ಬೇರ್ಪಡಿಸಿ.

2. 112ಕ್ಕೆ ಫೋನ್ ಮಾಡಿ. ಯಾವ ರಾಜ್ಯದಲ್ಲಿದ್ದರೂ ಇದೇ ನಂಬರ್. ನಿಮ್ಮ ಬಿಲ್ಡಿಂಗಿನ ಹೆಸರು, ಹತ್ತಿರದ ಗುರುತು ಸ್ಥಳೀಯ ಭಾಷೆಯಲ್ಲಿ ಹೇಳಲು ಮನೆಯ ಹಿರಿಯರಿಗೂ ಕಲಿಸಿಡಿ. ಅಡುಗೆಮನೆಯ ಗೋಡೆಗೆ ಒಂದು ಚೀಟಿ ಅಂಟಿಸಿ, ಕನ್ನಡ ಅಕ್ಷರದಲ್ಲೇ ಮರಾಠಿಯೋ ತಮಿಳೋ ಹಿಂದಿಯೋ ಬರೆದಿಟ್ಟರೂ ಆಯಿತು.

3. ಕರೆದರೆ ಓಗೊಡುತ್ತಿಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಎಂದರೆ ಎದೆಯ ನಡುವೆ ಅಂಗೈಯ ಬುಡ ಇಟ್ಟು, ಮೇಲೆ ಇನ್ನೊಂದು ಕೈ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚಿನಷ್ಟು ಆಳಕ್ಕೆ ಒತ್ತಿ. ಅಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ, ದಣಿದರೆ ಇನ್ನೊಬ್ಬರು ಮುಂದುವರಿಸಲಿ. ಹೃದಯ ನಿಂತು ನಾಲ್ಕೈದು ನಿಮಿಷವಾದರೆ ಮಿದುಳಿಗೆ ಪೆಟ್ಟು ಬೀಳತೊಡಗುತ್ತದೆ. ಆ ನಿಮಿಷಗಳಲ್ಲಿ ಡಾಕ್ಟರ್ ಅಲ್ಲಿರುವುದಿಲ್ಲ, ನೀವೇ ಇರುತ್ತೀರಿ. ಸೊಸೈಟಿಯಲ್ಲೋ ಕನ್ನಡ ಸಂಘದಲ್ಲೋ ಸಿಪಿಆರ್ ತರಬೇತಿ ಇಟ್ಟುಕೊಳ್ಳಿ.

4. ಎಚ್ಚರ ತಪ್ಪಿದ್ದರೆ, ಎದೆನೋವು ಅಥವಾ ಎದೆಬಡಿತ ಇದ್ದರೆ, ಸುಟ್ಟ ಗಾಯವಿದ್ದರೆ, ಕರೆಂಟ್ ಕೈಯಿಂದ ಕೈಗೆ ಹಾದಿದ್ದರೆ, ಗರ್ಭಿಣಿಯಾಗಿದ್ದರೆ, ಹೃದ್ರೋಗ ಇದ್ದರೆ, ಈಗ ಸರಿಯಾಗಿದ್ದೇನೆ ಅನ್ನಿಸಿದರೂ ಹೋಗಿ ಒಂದು ಇಸಿಜಿ ಮಾಡಿಸಿಕೊಳ್ಳಿ.

ಪೇಸ್‌ಮೇಕರ್ ಇರುವವರು ಕೇಳುವ ಪ್ರಶ್ನೆ: ಸಾದಾ ರೈಸ್ ಕುಕ್ಕರ್ ಸರಿಯಾದ ಅರ್ಥಿಂಗ್ ಇದ್ದರೆ ನಿಮಗೆ ತೊಂದರೆಯಿಲ್ಲ. ಇಂಡಕ್ಷನ್ ಒಲೆ, ಇಂಡಕ್ಷನ್ ಮಾದರಿಯ ಕುಕ್ಕರ್ ಉರಿಯುತ್ತಿರುವಾಗ ಎದೆಯನ್ನು ಎರಡು ಅಡಿ ದೂರ ಇಟ್ಟುಕೊಳ್ಳಿ, ಅದರ ಮೇಲೆ ಬಾಗಬೇಡಿ.

*ಕೊನೆಯದಾಗಿ*

ಈಗ ಆ ಅಜ್ಜಿ ಮಗನ ಮನೆಯಲ್ಲೇ ಇದ್ದಾರೆ. ತಪಾಸಣೆಗೆ ಬಂದಾಗ ಸೊಸೆ ನಗುತ್ತ ದೂರಿದರು, “ರಾತ್ರಿ ಊಟ ಆದ ಕೂಡ್ಲೇ ಅತ್ತೆ ಹರಿವಾಣ ಹಿಡ್ಕೊಂಡು ಕುಕ್ಕರ್ ಮುಂದೆ ನಿಂತಿರ್ತಾರೆ ಡಾಕ್ಟ್ರೇ, ನನಗೆ ಕೈತೊಳೆಯೋಕೂ ಬಿಡಲ್ಲ.” ಚಿತ್ರಾನ್ನ ಬಿಟ್ಟಿಲ್ಲ. ಫ್ರಿಜ್ಜಿನ ಅನ್ನದಿಂದ ಮಾಡುತ್ತಾರಂತೆ.

ಇವತ್ತು ಒಂದು ಕೆಲಸ ಮಾಡಿ. ಊರಿನಲ್ಲಿರುವ ಅಪ್ಪ ಅಮ್ಮನಿಗೆ, ಪಿ.ಜಿ.ಯಲ್ಲಿರುವ ಮಗಳಿಗೋ ಮಗನಿಗೋ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ. “ರಾತ್ರಿ ಉಳಿದ ಅನ್ನ ಎಲ್ಲಿಡ್ತೀರಿ?” “ಕುಕ್ಕರ್ ಮುಟ್ಟಿದ್ರೆ ಯಾವತ್ತಾದ್ರೂ ಜುಮ್ ಅಂದಿದ್ಯಾ?” ನೀವು ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ. ನಮ್ಮಮ್ಮ ಹೇಳಲು ಒಂದು ವಾರ ತೆಗೆದುಕೊಂಡಿದ್ದರು.

ಉಪಯೋಗವಾಯಿತು ಅನ್ನಿಸಿದರೆ ನಿಮ್ಮ ಗುಂಪಿಗೆ ಕಳಿಸಿ. ಮುಂದಿನ ಬಾರಿ ಮತ್ತೆ ಸಿಗೋಣ.